ಕಲಬುರಗಿಯಿಂದ ರಾಜಗಡ–ತೋರಣಾ: ಹೊರಡುವ ಮೊದಲು ಗಾಡಿ ಮಾತು ಪಕ್ಕಾ ಮಾಡಿಕೊಳ್ಳಿ

ಪುಣೆ ಕಡೆಯ ರಾಜಗಡ ಕೋಟೆಯಿಂದ ತೋರಣಾ ಕೋಟೆಗೆ ಗುಡ್ಡದ ಮೇಲೆ ನಡೆಯೋಣ ಅಂತ ಮನಸ್ಸು ಮಾಡಿದ್ದರೆ ಶೂ, ಬ್ಯಾಗು ಎಲ್ಲ ಆಮೇಲೆ. ಮೊದಲು ಗಾಡಿಯವನ ಹತ್ತಿರ ಸರಿಯಾಗಿ ಮಾತಾಡಿಕೊಳ್ಳಿ. ಈ ಟ್ರೆಕ್ಕಿನಲ್ಲಿ ಹತ್ತುವ ಊರು ಬೇರೆ, ಇಳಿಯುವ ಊರು ಬೇರೆ. ಗುಂಜವಣೆಯಲ್ಲಿ ಹತ್ತಿದವರು ಇಳಿಯೋದು ವೆಲ್ಹೆಯಲ್ಲಿ. ಗಾಡಿಯವರಿಗೆ ಇದು ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿಲ್ಲ ಅನ್ನೋದೂ ಗೊತ್ತು.

ನಾವು ಕಲಬುರಗಿಯಿಂದ ಹನ್ನೆರಡು ಜನ ಹೋಗಿದ್ದೆವು. ಪುಣೆಯ ಒಂದು ಟೆಂಪೋ ಟ್ರಾವೆಲರ್ ಫೋನಿನಲ್ಲೇ ಗೊತ್ತು ಮಾಡಿದ್ದೆವು. ಹೋಗಿ ಬರೋದು ಎಂಟು ಸಾವಿರ, ಡೀಸೆಲ್, ಟೋಲ್ ಎಲ್ಲ ಸೇರಿ. ಹಿಂದಿನ ಸಂಜೆ ಗುಂಜವಣೆಯಲ್ಲಿ ಬಿಟ್ಟು, "ನಾಳೆ ಇಳಿದ ಮೇಲೆ ಫೋನ್ ಮಾಡಿ" ಅಂತ ಹೇಳಿ ಹೋದ. ಮರುದಿನ ತೋರಣಾ ಇಳಿದು ವೆಲ್ಹೆಗೆ ಬರುವಷ್ಟರಲ್ಲಿ ನಮ್ಮ ಮೊಣಕಾಲು ನಮ್ಮ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಫೋನ್ ಮಾಡಿದರೆ ಆತ ಗುಂಜವಣೆಯಲ್ಲಿ ಕೂತಿದ್ದ. ಬಿಟ್ಟ ಜಾಗದಿಂದಲೇ ಕರೆದುಕೊಂಡು ಹೋಗೋದು ಮಾತಾಗಿತ್ತಂತೆ. ವೆಲ್ಹೆಗೆ ಬರಬೇಕಾದರೆ ಅದು ಬೇರೆ ಟ್ರಿಪ್, ಇನ್ನೂ ಮೂರೂವರೆ ಸಾವಿರ. ಹಿಂದಿಯಲ್ಲಿ ಜಗಳ ಆಡಿದೆವು. ನಮ್ಮಲ್ಲಿ ಒಬ್ಬನಿಗೆ ಸೊಲ್ಲಾಪುರದ ಮರಾಠಿ ಬರುತ್ತೆ, ಅದರಲ್ಲೂ ಆಯಿತು. ಕೊನೆಗೆ ಅಚ್ಚ ಕಲಬುರಗಿ ಕನ್ನಡದಲ್ಲೂ ಬೈದೆವು. ಕತ್ತಲಾಗ್ತಾ ಇತ್ತು, ಬೇರೆ ಗಾಡಿ ಇಲ್ಲ. ಕೊಟ್ಟೆವು. ಪುಣೆ ಮುಟ್ಟಿದ ಮೇಲೆ ವೇಟಿಂಗ್ ಚಾರ್ಜ್ ಅಂತ ಇನ್ನೈದು ನೂರು ಕೇಳಿದ. ಅದನ್ನು ಮಾತ್ರ ಕೊಡಲಿಲ್ಲ.

ಹಾಗಾಗಿ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಬಿಡೋದು ಗುಂಜವಣೆ, ಕರೆದುಕೊಳ್ಳೋದು ವೆಲ್ಹೆ, ಒಟ್ಟು ಇಷ್ಟು, ಬೇರೇನೂ ಇಲ್ಲ. ನಾಲ್ಕೈದು ಜನ ಇದ್ದರೆ ಗಾಡಿಯೇ ಬೇಡ. ಪುಣೆಯ ಸ್ವಾರಗೇಟಿನಿಂದ ವೆಲ್ಹೆ ಕಡೆ ಕೆಂಪು ಎಸ್‌ಟಿ ಬಸ್ಸು ಇವೆ. ಇಲ್ಲವಾದರೆ ಸಾತಾರಾ ರಸ್ತೆಯಲ್ಲಿ ನಸರಾಪುರದ ಚೆಲಾಡಿ ಫಾಟಾದವರೆಗೆ (ಫಾಟಾ ಅಂದರೆ ರಸ್ತೆ ಒಡೆಯುವ ಕ್ರಾಸು) ಯಾವ ಬಸ್ಸಾದರೂ ಆದೀತು, ಅಲ್ಲಿಂದ ಒಳಗೆ ಜೀಪು ಸಿಗುತ್ತೆ. ಜೀಪಿನಲ್ಲಿ ಒತ್ತಿ ಕೂರಿಸ್ತಾರೆ. ನಮ್ಮ ಕಡೆ ಟಂಟಂನಲ್ಲಿ ಓಡಾಡಿದವರಿಗೆ ಅದೇನೂ ದೊಡ್ಡದಲ್ಲ.

ಪುಣೆಯವರೆಗಿನ ರೈಲಿನ ಬಗ್ಗೆ ಹೇಳೋದು ಏನೂ ಇಲ್ಲ. ಕಲಬುರಗಿ ನೇರ ಮುಂಬೈ ಲೈನಿನಲ್ಲೇ ಇದೆ. ಗಾಣಗಾಪುರ ರೋಡ್, ಸೊಲ್ಲಾಪುರ, ದೌಂಡ್, ಪುಣೆ. ಶುಕ್ರವಾರ ರಾತ್ರಿಯ ಸೀಟು ಮಾತ್ರ ಬೇಗ ಮುಗಿಯುತ್ತೆ.

ಗುಂಜವಣೆಯ ಊಟದ ಬಗ್ಗೆ ಮಾತ್ರ ಬರೆಯಲೇಬೇಕು. ಊರು ರಾಜಗಡದ ಬುಡದಲ್ಲೇ ಇದೆ. ಹೋಟೆಲ್ ಅನ್ನುವಂಥದ್ದು ಇಲ್ಲ, ಮನೆಗಳಲ್ಲೇ ಊಟ ಹಾಕ್ತಾರೆ. ನಾವು ಉಂಡ ಮನೆಯ ಮುಂದೆ ತಗಡಿನ ಚಪ್ಪರ, ಸೆಗಣಿ ಸಾರಿಸಿದ ಅಂಗಳ. ಒಳಗೆ ಅಜ್ಜಿಯೊಬ್ಬರು ಕಟ್ಟಿಗೆ ಒಲೆ ಮುಂದೆ ಕೂತು ಭಾಕ್ರಿ ತಟ್ಟುತ್ತಿದ್ದರು. ಜೋಳದ್ದಲ್ಲ, ಅಕ್ಕಿ ಹಿಟ್ಟಿನದು. ತಟ್ಟಿ ಹಂಚಿಗೆ ಹಾಕಿ, ಮೇಲೆ ಅಂಗೈಯಿಂದ ನೀರು ಸವರಿ, ತಿರುವಿ, ಕೊನೆಗೆ ಹಂಚು ಸರಿಸಿ ಕೆಂಡದ ಮೇಲೇ ನಿಲ್ಲಿಸೋರು. ಉಬ್ಬಿದ ಕೂಡಲೇ ನೇರ ನಮ್ಮ ತಾಟಿಗೆ. ಜೊತೆಗೆ ಪಿಠ್ಲಾ. ನಮ್ಮ ಝುಣಕಾದ ಹಾಗೇ ಕಡಲೆ ಹಿಟ್ಟಿನದು, ಆದರೆ ಸ್ವಲ್ಪ ತೆಳು, ಬೆಳ್ಳುಳ್ಳಿ ಜಾಸ್ತಿ. ಹಸಿಮೆಣಸಿನಕಾಯಿ ಠೇಚಾ, ಗುದ್ದಿ ಒಡೆದ ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ. ನಾವು ಮನೆಯಿಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ಹಿಂಡಿ ರುಚಿ ನೋಡಿದ ಅಜ್ಜಿ ಡಬ್ಬಿಯನ್ನು ವಾಪಸ್ ಕೊಡುವ ಲಕ್ಷಣ ಕಾಣಲಿಲ್ಲ. ಬಿಟ್ಟು ಬಂದೆವು. ತಲೆಗೆ ನೂರಿಪ್ಪತ್ತು ರೂಪಾಯಿ, ಎಷ್ಟು ಬೇಕಾದರೂ ಉಣ್ಣಿ. ಮಲಗಲು ಅದೇ ಚಪ್ಪರದಲ್ಲಿ ಚಾಪೆ. ಡಿಸೆಂಬರಿನ ಚಳಿ ಚೆನ್ನಾಗೇ ಬಡಿಯಿತು. ಎಸಿ ರೂಮು, ಅಟ್ಯಾಚ್ಡ್ ಬಾತ್‌ರೂಮು ಬೇಕೇ ಬೇಕು ಅನ್ನುವವರು ಇಲ್ಲಿ ತಂಗಬೇಡಿ, ಸುಮ್ನೆ ಎಲ್ಲರ ನಿದ್ದೆ ಕೆಡಿಸ್ತೀರಿ.

ನಸುಕಿನಲ್ಲಿ ನಾಲ್ಕೂವರೆಗೆ ಹೊರಟು, ಟಾರ್ಚ್ ಹಿಡಿದು ಚೋರ್ ದರವಾಜಾದ, ಅಂದರೆ ಕಳ್ಳಬಾಗಿಲಿನ, ದಾರಿಯಲ್ಲಿ ಹತ್ತಿದೆವು. ಮೇಲ್ಗಡೆ ಬಂಡೆ ಕಡಿದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಕತ್ತಲೆಯಲ್ಲಿ ಆಳ ಕಾಣದೇ ಇರೋದು ಒಳ್ಳೆಯದೇ. ಆದರೆ ಭಾನುವಾರ ಮಾತ್ರ ಹೋಗಬೇಡಿ. ಬಾಗಿಲು ಬಹಳ ಸಣ್ಣದು, ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ನಾವು ಹೋದದ್ದು ಭಾನುವಾರವೇ. ಕಂಬಿ ಹಿಡಿದು ನಿಂತಲ್ಲೇ ಮುಕ್ಕಾಲು ಗಂಟೆ ಕಳೆದೆವು. ಮುಂದಿದ್ದವರು ಸೆಲ್ಫಿ, ಹಿಂದಿದ್ದವರು ಸ್ಪೀಕರ್ ಹಾಡು. ಜಾತ್ರೆಯ ಗದ್ದಲ ನನಗೆ ಆಗಿಬರಲ್ಲ, ಅದಕ್ಕೇ ಹೀಗೆ ಹೇಳ್ತಿದ್ದೀನಿ ಅಂತ ಬೇಕಾದರೆ ಅಂದುಕೊಳ್ಳಿ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋದರೆ ನಿಮಗೇ ಒಳ್ಳೆಯದು.

ಮೇಲೆ ಪದ್ಮಾವತಿ ಮಾಚಿ. ಮಾಚಿ ಅಂದರೆ ಕೋಟೆಯ ತುದಿಗಿಂತ ಕೆಳಗೆ ಚಾಚಿಕೊಂಡ, ಗೋಡೆ ಕಟ್ಟಿದ ಸಮತಟ್ಟು ಜಾಗ. ಕೆರೆ, ಪದ್ಮಾವತಿ ದೇವಿಯ ಗುಡಿ, ಸಯೀಬಾಯಿಯ ಸಮಾಧಿ ಎಲ್ಲ ಇಲ್ಲೇ. ಶಿವಾಜಿಯ ಮೊದಲ ಹೆಂಡತಿ, ಸಂಭಾಜಿಯ ತಾಯಿ. 1659ರಲ್ಲಿ ಈ ಕೋಟೆಯಲ್ಲೇ ತೀರಿಕೊಂಡರು. ಶಿವಾಜಿ ರಾಯಗಡಕ್ಕೆ ಹೋಗುವ ಮುಂಚೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಅವರ ರಾಜಧಾನಿ ಇದೇ. ಬಹಮನಿಗಳು 1347ರಲ್ಲಿ ನಮ್ಮೂರನ್ನು ರಾಜಧಾನಿ ಮಾಡಿಕೊಂಡಾಗ ಬಯಲಿನಲ್ಲಿ ಕಂದಕ ತೋಡಿ ಕೋಟೆ ಭದ್ರ ಮಾಡಿಕೊಂಡರು. ಇಲ್ಲಿ ಗುಡ್ಡವೇ ಆ ಕೆಲಸ ಮಾಡಿದೆ. "ನಮ್ಮ ಕೋಟೆ ಛಲೋ ಅದ, ಚಪ್ಪಲ್ ಹಾಕ್ಕೊಂಡು ಹೋಗಿ ಬರಬಹುದು" ಅಂತ ಒಬ್ಬ ಏದುಸಿರು ಬಿಡುತ್ತಾ ಹೇಳಿದ.

ತೋರಣಾಕ್ಕೆ ಹೋಗುವವರು ತುದಿಯ ಒಳಕೋಟೆ ಬಾಲೇಕಿಲ್ಲಾ ಬಿಡಿ, ಸುವೇಳಾ ಮಾಚಿಯನ್ನೂ ಬಿಡಿ. ಎರಡೂ ಚೆನ್ನಾಗಿವೆ, ಆದರೆ ಹೊತ್ತು ಸಾಲಲ್ಲ. ಸಂಜೀವನಿ ಮಾಚಿ ಹೇಗೂ ದಾರಿಯಲ್ಲೇ ಬರುತ್ತೆ. ಅಲ್ಲಿಯ ಜೋಡಿ ಗೋಡೆ ನೋಡಿ. ಹೊರಗೊಂದು, ಒಳಗೊಂದು, ನಡುವೆ ಇಕ್ಕಟ್ಟಾದ ಸಂದು. ಹೊರಗಿನದು ಒಡೆದರೂ ಶತ್ರು ಆ ಸಂದಿನಲ್ಲೇ ಸಿಕ್ಕಿಬೀಳಬೇಕು. ಆ ಕಡೆಯೇ ಇರುವ ಆಳೂ ದರವಾಜಾದಿಂದ ಇಳಿದರೆ ತೋರಣಾದ ದಾರಿ. 2025ರ ಜುಲೈನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ರಾಜಗಡ ಇದೆ, ತೋರಣಾ ಇಲ್ಲ. ಆ ಬಾಗಿಲು ದಾಟಿದ ಮೇಲೆ ಸ್ಪೀಕರ್ ಸದ್ದು ನಿಂತಿತು, ನಾವಷ್ಟೇ ಉಳಿದೆವು.

ಕಷ್ಟ ಇರೋದು ಕೋಟೆಯಲ್ಲಲ್ಲ, ನಡುವಿನ ಗುಡ್ಡದ ಸಾಲಿನಲ್ಲಿ. ಹತ್ತು ಹನ್ನೆರಡು ಕಿಲೋಮೀಟರ್. ಇಳಿದು ಹತ್ತಿ, ಮತ್ತೆ ಇಳಿದು ಹತ್ತಿ. ತೋರಣಾ ಎದುರಿಗೇ ಕಾಣುತ್ತೆ, ಹತ್ತಿರ ಮಾತ್ರ ಬರಲ್ಲ. ನೆರಳು ಕಮ್ಮಿ, ನೀರು ಇಲ್ಲ. ನಲವತ್ತೆರಡು ಡಿಗ್ರಿ ನೋಡಿದವರು ನಾವು, ಡಿಸೆಂಬರ್ ಬಿಸಿಲು ಏನು ಮಾಡುತ್ತೆ ಅಂತ ಹುಡುಗರು ಎರಡೇ ಲೀಟರ್ ತಂದಿದ್ದರು. ಹನ್ನೊಂದಕ್ಕೇ ಖಾಲಿ. ತಲೆಗೆ ನಾಲ್ಕು ಲೀಟರ್ ಬೇಕೇ ಬೇಕು. ನಡುವೆ ಒಂದು ಡಾಂಬರು ರಸ್ತೆ ಅಡ್ಡ ಬರುತ್ತೆ. ಆಗದವರು ಅಲ್ಲೇ ಬಿಟ್ಟುಬಿಡಿ. ಅದರ ನಂತರ ಬಿಡಲು ಜಾಗವೇ ಇಲ್ಲ. ಮುಂದೆ ಗುಡಿಸಲೊಂದರಲ್ಲಿ ನಿಂಬೆ ಶರಬತ್ ಸಿಕ್ಕಿತು. ಇಪ್ಪತ್ತು ರೂಪಾಯಿ. ಇನ್ನೂರು ಅಂದಿದ್ದರೂ ಕೊಡ್ತಿದ್ದೆವು.

ಗುಂಪಿನಲ್ಲಿ ನಿಧಾನ ನಡೆಯುವವರನ್ನು ಎಲ್ಲರಿಗಿಂತ ಮುಂದೆ ಬಿಡಿ. ನಮ್ಮ ಜಿಮ್ ಹುಡುಗರು ಮುಂದೆ ಓಡಿ, ಆಳೆತ್ತರದ ಕಾರ್ವಿ ಪೊದೆಗಳಲ್ಲಿ ದಾರಿ ತಪ್ಪಿ, ಅವರನ್ನು ಹುಡುಕೋದರಲ್ಲೇ ಅರ್ಧ ಗಂಟೆ ಹೋಯಿತು. ಚೆನ್ನಾಗಿ ನಡೆದವರು ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಕಾಕಾ. ದಿನಾ ಅಪ್ಪನ ಕೆರೆ ಸುತ್ತುವವರು. "ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ ತಮ್ಮಾ, ಸಾವಕಾಶ ನಡಿ" ಅಂತ ಒಂದೇ ಹೆಜ್ಜೆ ಲೆಕ್ಕದಲ್ಲಿ ಬಂದರು.

ತೋರಣಾ 1,400 ಮೀಟರ್ ದಾಟಿದ ಕೋಟೆ. ಕೊನೆಯ ಏರು ಬುಧಲಾ ಮಾಚಿಗೆ. ಕಾಲಿಟ್ಟರೆ ಗರಸು ಮಣ್ಣು ಜಾರುತ್ತೆ, ಒಂದು ಕಡೆ ಕಬ್ಬಿಣದ ಏಣಿ ಇದೆ. ಏಣಿಯ ಮೇಲೆ ಒಬ್ಬರೇ ಹೋಗಿ, ಬ್ಯಾಗಿನ ಬೆಲ್ಟು ಬಿಗಿ ಮಾಡಿ. ಎತ್ತರಕ್ಕೆ ಹೆದರುವವರು ಇಲ್ಲಿಗೆ ಬಂದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ, ಮನೆಯಲ್ಲೇ ಹೇಳಿ. ಶಿವಾಜಿ ಹದಿಹರೆಯದಲ್ಲೇ ಬಿಜಾಪುರದ ಆದಿಲ್‌ಶಾಹಿಯಿಂದ ಗೆದ್ದ ಕೋಟೆ ಇದು. ಇಲ್ಲಿ ಸಿಕ್ಕ ನಿಧಿಯಿಂದಲೇ ರಾಜಗಡ ಕಟ್ಟಿಸಿದ್ದು ಅಂತ ಹೇಳ್ತಾರೆ. ಮೆಂಗಾಯಿ ದೇವಿ ಗುಡಿ ಹತ್ತಿರ ಹತ್ತು ನಿಮಿಷ ಕೂತು, ಬಿನಿ ದರವಾಜಾದಿಂದ ಇಳಿದೆವು. ವೆಲ್ಹೆಗೆ ಇಳಿಯೋದು ಹತ್ತೋದಕ್ಕಿಂತ ಜಾಸ್ತಿ ಕಾಡಿತು. ಹಳೇ ಮೊಣಕಾಲು ನೋವು ಇರುವವರು ಕೋಲು ತನ್ನಿ, ಇಲ್ಲವೇ ರಾಜಗಡ ಅಷ್ಟೇ ನೋಡಿ ಗುಂಜವಣೆಗೆ ವಾಪಸ್ ಇಳಿಯಿರಿ.

ಮಳೆಗಾಲದಲ್ಲಿ ಈ ದಾರಿ ಬೇಡ. ಮಂಜಿನಲ್ಲಿ ಹಾದಿ ಕಾಣಲ್ಲ, ಬಂಡೆ ಜಾರುತ್ತೆ. ಮಾರ್ಚಿನಿಂದ ಬಿಸಿಲು. ನವೆಂಬರಿನಿಂದ ಫೆಬ್ರವರಿ ಸರಿ. ಅಭ್ಯಾಸಕ್ಕೆ ನಮ್ಮ ಕಡೆ ಗುಡ್ಡ ಎಲ್ಲಿ ಅನ್ನಬೇಡಿ. ರೈಲು ಹತ್ತಿ ಯಾದಗಿರಿಗೆ ಹೋಗಿ, ಬೆನ್ನಿಗೆ ಬ್ಯಾಗು ಹಾಕಿಕೊಂಡು ಅಲ್ಲಿಯ ಕೋಟೆ ಗುಡ್ಡ ಒಂದೇ ಬೆಳಿಗ್ಗೆಯಲ್ಲಿ ಮೂರು ಸಲ ಹತ್ತಿ ಇಳಿಯಿರಿ. ಮೂರನೇ ಸಲ ಇಳಿಯುವಾಗ ತೊಡೆ ನಡುಗದಿದ್ದರೆ ಟಿಕೆಟ್ ತೆಗೆಸಿ.

ಬೀದರಿನವರಿಗೆ ಹುಮನಾಬಾದಿಗೆ ಬಂದು ಹೈದರಾಬಾದ್–ಪುಣೆ ಹೆದ್ದಾರಿಯ ರಾತ್ರಿ ಬಸ್ಸು ಹಿಡಿಯೋದು ಸಲೀಸು. ಯಾರೇ ಆಗಲಿ, ವಾಪಸ್ ಟಿಕೆಟ್ ಅದೇ ರಾತ್ರಿಗೆ ಮಾಡಿಸಬೇಡಿ. ಇಳಿಯೋದು ಆರಾದರೂ ಆಗಬಹುದು, ಎಂಟಾದರೂ ಆಗಬಹುದು. ಕತ್ತಲಾದ ಮೇಲೆ ವೆಲ್ಹೆಯಲ್ಲಿ ಬಸ್ಸು ನಂಬಿಕೊಂಡು ಕೂರುವ ಹಾಗಿಲ್ಲ. ರೈಲಿನ ಅವಸರ ಇದೆ ಅಂತ ಗಾಡಿಯವನಿಗೆ ಗೊತ್ತಾದರೆ ರೇಟು ಅವನು ಹೇಳಿದ್ದೇ.