ಚಿತ್ತಾ ನಕ್ಷತ್ರದ ಲೆಕ್ಕ: ನೀಲಿ-ಬಿಳಿ ಜೋಡಿ ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ

ಯಮಳ ತಾರೆಗಳ (ಒಂದನ್ನೊಂದು ಸುತ್ತುವ ಜೋಡಿ ತಾರೆಗಳ) ರೋಹಿತ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕು, ಅಳೆಯುವ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗೆ ಚಿತ್ತಾ ನಕ್ಷತ್ರ ಸುಲಭದ ತುತ್ತಿನಂತೆ ಕಾಣುತ್ತದೆ. ಕಾಂತಿಮಾನ ಸುಮಾರು 1, ಸಣ್ಣ ದೂರದರ್ಶಕಕ್ಕೂ ಬೆಳಕು ಧಾರಾಳ. ಬರಿಗಣ್ಣಿಗೆ ಒಂದೇ ಚುಕ್ಕೆ, ಒಳಗಿರುವುದು 4.0145 ದಿನಕ್ಕೊಮ್ಮೆ ಸುತ್ತುವ ಎರಡು ಬಿಸಿ ತಾರೆಗಳು. 1890ರಲ್ಲಿ ಪಾಟ್ಸ್‌ಡ್ಯಾಮ್‌ನ ಹರ್ಮನ್ ಫೋಗೆಲ್ ರೋಹಿತ ರೇಖೆಗಳ ಓಲಾಟದಿಂದಲೇ (ತಾರೆ ಹತ್ತಿರ ಬಂದಾಗ, ದೂರ ಹೋದಾಗ ರೇಖೆ ಸರಿಯುತ್ತದೆ, ಅದರಿಂದ ವೇಗ ಸಿಗುತ್ತದೆ) ಇದನ್ನು ಪತ್ತೆಹಚ್ಚಿದರು. ದೂರ ಸುಮಾರು 250 ಜ್ಯೋತಿರ್ವರ್ಷ. ಅಷ್ಟು ದೂರದಿಂದ ನೋಡಿದರೆ ಎರಡರ ನಡುವಿನ ಅಂತರ ಸುಮಾರು 1.7 ಮಿಲಿ ಆರ್ಕ್‌ಸೆಕೆಂಡ್ (ಒಂದು ಮಿಲಿ ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 36 ಲಕ್ಷದಲ್ಲೊಂದು ಪಾಲು) ಅಷ್ಟೇ. ಮಾಮೂಲಿ ದೂರದರ್ಶಕದಲ್ಲಿ ಬಿಡಿಸಿ ನೋಡುವ ಮಾತೇ ಇಲ್ಲ. ಹಾಗಾಗಿ ಇಲ್ಲಿ ಪ್ರತಿ ಸಂಖ್ಯೆಯೂ ಇನ್ನೊಂದು ಸಂಖ್ಯೆಯ ಹೆಗಲ ಮೇಲೆ ಕೂತಿರುತ್ತದೆ. ಯಾವುದು ಯಾವುದರ ಮೇಲೆ ಎಂಬುದು ತಿಳಿಯದಿದ್ದರೆ ಅಂದವಾದ ಪಟ್ಟಿ ತಯಾರಾಗುತ್ತದೆ, ಆದರೆ ತಪ್ಪು.

ಮೊದಲ ತೊಡಕು ಅವಧಿಯದೇ. 4.0145 ಎಂದರೆ ಪೂರ್ಣಾಂಕ 4ಕ್ಕೆ ಅಂಟಿಕೊಂಡ ಸಂಖ್ಯೆ. ಒಂದೇ ವೀಕ್ಷಣಾಲಯದಿಂದ ಪ್ರತಿ ರಾತ್ರಿ ಅದೇ ಗಂಟೆಗೆ ರೋಹಿತ ತೆಗೆದರೆ ಕಕ್ಷೆಯ ನಾಲ್ಕೇ ಜಾಗ ಮತ್ತೆ ಮತ್ತೆ ಸಿಗುತ್ತವೆ. ನಾಲ್ಕು ರಾತ್ರಿಗೆ ಹಂತ (ಪೂರ್ತಿ ಸುತ್ತು 1 ಎಂದಾಗ ತಾರೆ ಕಕ್ಷೆಯಲ್ಲಿ ಇರುವ ಜಾಗ) ಜರುಗುವುದು 0.0036 ಮಾತ್ರ, ನೂರು ರಾತ್ರಿ ಕಾದರೂ 0.09. ನಡುವಿನ ಖಾಲಿ ಜಾಗದಲ್ಲಿ ತಂತ್ರಾಂಶ ತನಗೆ ಬೇಕಾದ ವಕ್ರರೇಖೆ ಎಳೆದುಬಿಡುತ್ತದೆ, ಉತ್ಕೇಂದ್ರತೆ (ಕಕ್ಷೆ ವೃತ್ತಕ್ಕಿಂತ ಎಷ್ಟು ಉದ್ದುದ್ದ ಎಂಬ ಅಳತೆ) ಹಾಳಾಗುತ್ತದೆ. ರಾತ್ರಿಯ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ತೆಗೆಯಿರಿ; ಆರು ಗಂಟೆಯ ಅಂತರ 0.06 ಹಂತ ಕೊಡುತ್ತದೆ. ಬೇರೆ ರೇಖಾಂಶದಲ್ಲಿರುವ ವೀಕ್ಷಣಾಲಯದ ದತ್ತಾಂಶ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಅಳೆದ ವೇಗದಿಂದ ಭೂಮಿಯ ಸ್ವಂತ ಚಲನೆಯನ್ನು ತೆಗೆಯುವ ತಿದ್ದುಪಡಿಯನ್ನೂ ಹಗುರಾಗಿ ಕಾಣುವಂತಿಲ್ಲ. ಚಿತ್ತಾ ಇರುವುದು ಕ್ರಾಂತಿವೃತ್ತದಿಂದ (ಆಕಾಶದಲ್ಲಿ ಸೂರ್ಯನ ವಾರ್ಷಿಕ ದಾರಿಯಿಂದ) ಕೇವಲ 2 ಡಿಗ್ರಿ ದೂರದಲ್ಲಿ. ಆದ್ದರಿಂದ ತಿದ್ದುಪಡಿ ವರ್ಷದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಪೂರ್ತಿ ±30 ಕಿ.ಮೀ. ಓಡಾಡುತ್ತದೆ, ಏಪ್ರಿಲ್ ಮಧ್ಯದಲ್ಲಿ ಸೊನ್ನೆ ದಾಟಿ ಚಿಹ್ನೆ ಬದಲಿಸುತ್ತದೆ. ಇದನ್ನು ಎರಡು ಸಲ ಹಾಕಿದವರ, ಉಲ್ಟಾ ಚಿಹ್ನೆಯಲ್ಲಿ ಹಾಕಿದವರ ಗ್ರಾಫು ಏಪ್ರಿಲ್‌ನಲ್ಲಿ ಸರಿಯಾಗಿಯೇ ಇರುತ್ತದೆ. ಜನವರಿಯ ಬಿಂದುಗಳನ್ನು ಸೇರಿಸಿದಾಗ ಬಣ್ಣ ಬಯಲಾಗುತ್ತದೆ. ಪರೀಕ್ಷೆಗೆ ಭೂವಾತಾವರಣದ ಆಮ್ಲಜನಕದ ರೇಖೆಗಳನ್ನು ನೋಡಿ. ತಿದ್ದುಪಡಿಗೆ ಮುಂಚೆ ಅವು ಕದಲಬಾರದು.

ಈಗ ರೇಖೆಗಳು. ಪ್ರಧಾನ ತಾರೆ (ಜೋಡಿಯಲ್ಲಿ ಹೆಚ್ಚು ಪ್ರಕಾಶದ್ದು) ರೇಖೆಯನ್ನು ಆಚೀಚೆ ಸೆಕೆಂಡಿಗೆ ಸುಮಾರು 165 ಕಿ.ಮೀ. ಹಿಗ್ಗಿಸುವಷ್ಟು ಜೋರಾಗಿ ತಿರುಗುತ್ತದೆ. ಸಂಗಾತಿಯದು 60ರ ಆಸುಪಾಸು. ಇಬ್ಬರ ವೇಗಾಂತರ 225 ದಾಟಿದ ಮೇಲಷ್ಟೇ ರೇಖೆಗಳು ಬಿಡಿಯಾಗುತ್ತವೆ, ಅಂದರೆ ಕಕ್ಷೆಯ ಹೆಚ್ಚುಕಡಿಮೆ ಅರ್ಧ ಭಾಗದಲ್ಲಿ. ಉಳಿದರ್ಧ ಕಲಸುಮೇಲೋಗರ. ಹೈಡ್ರೋಜನ್ ರೇಖೆಗಳು ಒತ್ತಡದಿಂದ ಇನ್ನೂ ಅಗಲವಾಗಿರುವುದರಿಂದ ವೇಗ ಅಳೆಯಲು ಬೇಡ. ಗುರುತ್ವ ಅಂದಾಜಿಗೆ ಇಟ್ಟುಕೊಳ್ಳಿ. ಹೀಲಿಯಂ 4471 ಮತ್ತು ಮೆಗ್ನೀಸಿಯಂ 4481 ಆಂಗ್‌ಸ್ಟ್ರಾಮ್ (ಬೆಳಕಿನ ತರಂಗಾಂತರದ ಮಾನ) ರೇಖೆಗಳ ಅಂಚುಗಳು ಒಂದರೊಳಗೊಂದು ನುಗ್ಗುತ್ತವೆ. ಸಿಲಿಕಾನ್‌ನ 4553, 4568, 4575 ಮೂವರೇ ನಂಬಿಕಸ್ತರು.

ದೃಶ್ಯ ಬೆಳಕಿನಲ್ಲಿ ಸಂಗಾತಿಯ ಪಾಲು ಸುಮಾರು ಆರರಲ್ಲೊಂದು. ಒಂಟಿಯಾಗಿದ್ದರೆ 10 ಶೇಕಡಾ ಆಳ ಇರಬೇಕಾದ ಅದರ ರೇಖೆ ಇಲ್ಲಿ 1.7 ಶೇಕಡಾಕ್ಕೆ ಇಳಿಯುತ್ತದೆ. ಸಂಕೇತ-ಗದ್ದಲ ಅನುಪಾತ 300ಕ್ಕಿಂತ ಕಡಿಮೆಯಿದ್ದರೆ ಅಳೆಯುವುದು ಗದ್ದಲವನ್ನೇ. ಇದರ ಮೇಲೆ ಸ್ಟ್ರೂವ-ಸಹಾಡೆ ಪರಿಣಾಮ: ಸಂಗಾತಿ ನಮ್ಮತ್ತ ಬರುವಾಗ ಅದರ ರೇಖೆ ಗಾಢ, ದೂರ ಹೋಗುವಾಗ ಮಸುಕು. ಆಳ ಬದಲಾಗದು ಎಂದು ನಂಬಿಕೊಂಡು ರೋಹಿತ ಬೇರ್ಪಡಿಸುವ ತಂತ್ರಾಂಶ ಓಡಿಸಿದರೆ ಅದು ಈ ವ್ಯತ್ಯಾಸವನ್ನು ವೇಗದೊಳಗೆ ತುರುಕುತ್ತದೆ. ಸಾಲದ್ದಕ್ಕೆ, ಪ್ರಧಾನ ತಾರೆಯ ಮೇಲ್ಮೈ ಸಂಗಾತಿಯ ಗುರುತ್ವ ಎಬ್ಬಿಸುವ ಭರತದ ಎಳೆತಕ್ಕೆ ಸಿಕ್ಕಿ ಕುಲುಕುತ್ತಿರುವುದರಿಂದ ರೇಖೆಯ ಬುಡದಲ್ಲಿ ಸಣ್ಣ ಉಬ್ಬುಗಳು ಸರಿದಾಡುತ್ತವೆ. ಗಾಸಿಯನ್ (ಗಂಟೆಯಾಕಾರದ ವಕ್ರರೇಖೆ) ಹೊಂದಿಸಿದರೆ ಕೇಂದ್ರ ಆ ಉಬ್ಬಿನ ಹಿಂದೆ ಹೋಗುತ್ತದೆ. ರೇಖೆಯ ಎರಡು ಅಂಚುಗಳ ನಡುಬಿಂದುವನ್ನೂ ಅಳೆದು ಹೋಲಿಸಿ.

ಸರಾಸರಿಯಿಂದ ಆಚೀಚೆ ಪ್ರಧಾನ ತಾರೆ ಸೆಕೆಂಡಿಗೆ ಸುಮಾರು 121 ಕಿ.ಮೀ., ಸಂಗಾತಿ 190 ಕಿ.ಮೀ. ಓಲಾಡುತ್ತವೆ, ಉತ್ಕೇಂದ್ರತೆ 0.13. ಎರಡು ವೇಗಗಳ ಮೊತ್ತದ ವರ್ಗ, ಸಂಗಾತಿಯ ವೇಗ, ದಿನಗಳಲ್ಲಿ ಅವಧಿ, ಇವನ್ನು ಗುಣಿಸಿ 1.036×10⁻⁷ ಹಾಕಿ, 1ರಿಂದ ಉತ್ಕೇಂದ್ರತೆಯ ವರ್ಗ ಕಳೆದು ಅದರ 1.5ನೇ ಘಾತದಿಂದ ಮತ್ತೆ ಗುಣಿಸಿ. ಬರುವುದು 7.4 ಸೂರ್ಯರಾಶಿ. ಆದರೆ ಇದು ಪ್ರಧಾನ ತಾರೆಯ ರಾಶಿಯಲ್ಲ, ಕಕ್ಷೆಯ ಓರೆಯ (ನಮ್ಮ ನೋಟಕ್ಕೆ ಲಂಬವಾದ ತಲದಿಂದ ಕಕ್ಷೆ ವಾಲಿದ ಕೋನದ) ಸೈನ್ ಘನ ಸೇರಿಕೊಂಡ ರಾಶಿ. ಓರೆ 63 ಡಿಗ್ರಿ ಎಂದರೆ 10.5 ಸೂರ್ಯರಾಶಿ, 60 ಎಂದರೆ 11.5, 66 ಎಂದರೆ 9.8. ಪ್ರಕಟಿತ ಮೌಲ್ಯಗಳು 10ರಿಂದ 11.5ರವರೆಗೆ ಚದುರಿರುವುದರ ಹಿಂದೆ ಇದರ ಪಾಲು ದೊಡ್ಡದು. ಇನ್ನು ಕಲಸಿಹೋದ ರೇಖೆಗಳು ಸಂಗಾತಿಯ ವೇಗವನ್ನು ಯಾವಾಗಲೂ ಕೆಳಕ್ಕೇ ಎಳೆಯುತ್ತವೆ. ಅದು 5 ಶೇಕಡಾ ತಗ್ಗಿದರೆ ಪ್ರಧಾನ ತಾರೆಯ ರಾಶಿ 11 ಶೇಕಡಾ ತಗ್ಗುತ್ತದೆ. ಅಂದರೆ ಮಂಕಾದ ತಾರೆಯನ್ನು ತಪ್ಪಾಗಿ ಅಳೆದರೆ ಪೆಟ್ಟು ಬೀಳುವುದು ಪ್ರಕಾಶಮಾನ ತಾರೆಗೆ.

ಓರೆ ಎಲ್ಲಿಂದ ತರುವುದು? ಗ್ರಹಣ ಇದ್ದಿದ್ದರೆ ಚಿಂತೆಯಿರಲಿಲ್ಲ. ಇಲ್ಲಿ ಢಾಳಾದ ಗ್ರಹಣ ಇಲ್ಲ. ಇರುವುದು ಮೊಟ್ಟೆಯಾಕಾರಕ್ಕೆ ಹಿಗ್ಗಿದ ತಾರೆಗಳು ಅಗಲ ಮುಖ, ಕಿರಿದು ಮುಖ ತೋರಿಸುತ್ತ ತಿರುಗುವುದರಿಂದ ಬರುವ, ಕಾಂತಿಮಾನದಲ್ಲಿ ಸುಮಾರು 0.03ರ ಏರಿಳಿತ. ಒಂದು ಸುತ್ತಿಗೆ ಎರಡು ಶಿಖರ. ಅವಧಿ ಹುಡುಕುವ ತಂತ್ರಾಂಶ 2.007 ದಿನ ಎಂದು ಹೇಳಿದರೆ ಹಿಗ್ಗಬೇಡಿ, ಅದು ಅರ್ಧ ಅವಧಿ. ನಿಜವಾದ ಆಸರೆ ಸಿಕ್ಕಿದ್ದು ಆಸ್ಟ್ರೇಲಿಯಾದ ನರಾಬ್ರಿಯ ತೀವ್ರತಾ ಇಂಟರ್‌ಫೆರೋಮೀಟರ್‌ನಿಂದ (ದೂರದೂರ ಇಟ್ಟ ಎರಡು ಕನ್ನಡಿಗಳಿಗೆ ಬೀಳುವ ಬೆಳಕಿನ ಏರಿಳಿತ ಹೋಲಿಸುವ ಉಪಕರಣದಿಂದ). ಖಗೋಳವಿಜ್ಞಾನಿ ಹ್ಯಾನ್‌ಬರಿ ಬ್ರೌನ್ ತಂಡ ಅದರಲ್ಲಿ ಕಕ್ಷೆಯ ಕೋನೀಯ ಗಾತ್ರವನ್ನೂ ಓರೆಯನ್ನೂ ಅಳೆಯಿತು.

ಉಷ್ಣತೆಗೆ ಬಣ್ಣಸೂಚಿಯನ್ನು (ಎರಡು ಬಣ್ಣಗಳಲ್ಲಿ ಅಳೆದ ಕಾಂತಿಮಾನಗಳ ವ್ಯತ್ಯಾಸವನ್ನು) ನೆಚ್ಚಬೇಡಿ. ಪ್ರಧಾನ ತಾರೆ ಸುಮಾರು 25,000 ಕೆಲ್ವಿನ್, ಸಂಗಾತಿ 21,000. ಮೊದಲನೆಯದರ ಹೊಳಪಿನ ಶಿಖರ 1,150 ಆಂಗ್‌ಸ್ಟ್ರಾಮ್ ಹತ್ತಿರ, ಅತಿನೇರಳೆಯ ಒಳಗೆ. ನಮಗೆ ಕಾಣುವುದು ಬಾಲ ಮಾತ್ರ. ಆ ಬಾಲದಲ್ಲಿ 4,000 ಕೆಲ್ವಿನ್ ವ್ಯತ್ಯಾಸ ಬಣ್ಣದಲ್ಲಿ ಕೆಲವೇ ಶತಾಂಶ. ಅಂತರತಾರಾ ಧೂಳಿನ ಅಂದಾಜಿನ ದೋಷವೇ ಅದನ್ನು ನುಂಗುತ್ತದೆ. ಸಿಲಿಕಾನ್‌ನ ಒಂದು, ಎರಡು, ಮೂರು ಇಲೆಕ್ಟ್ರಾನ್ ಕಳೆದುಕೊಂಡ ಅಯಾನುಗಳ ರೇಖೆಗಳನ್ನು ಒಟ್ಟಿಗೆ ಹೊಂದಿಸುವುದೇ ದಾರಿ. ಅದರಲ್ಲೂ 4089ರ ರೇಖೆ ಹೈಡ್ರೋಜನ್ 4102ರ ರೆಕ್ಕೆಯ ಮೇಲೆ ಕೂತಿದೆ. ಹಿನ್ನೆಲೆ ಮಟ್ಟ ಎಳೆಯುವಾಗ ಬಹುಪದಿಯ ಘಾತ ಹೆಚ್ಚಿಸಿದರೆ ರೆಕ್ಕೆ ಕರಗಿ, ಗುರುತ್ವವೂ ಉಷ್ಣತೆಯೂ ಜೊತೆಯಾಗಿ ಜಾರುತ್ತವೆ.

ತ್ರಿಜ್ಯದ ವಿಚಾರದಲ್ಲಿ ಒಂದು ಹಳೇ ಅಭ್ಯಾಸ ಇದೆ: ಹತ್ತಿರದ ಜೋಡಿ ಅಂದಮೇಲೆ ಸ್ವಂತ ತಿರುಗುವಿಕೆ ಕಕ್ಷಾವಧಿಗೆ ಸಮ ಎಂದುಕೊಳ್ಳುವುದು. ಇಲ್ಲಿ ಹಾಗೆ ಮಾಡಿ ನೋಡಿ. 165ನ್ನು 63 ಡಿಗ್ರಿಯ ಸೈನ್‌ನಿಂದ ಭಾಗಿಸಿದರೆ ಸೆಕೆಂಡಿಗೆ 185 ಕಿ.ಮೀ.; ಅವಧಿ 4.0145 ದಿನ ಎಂದರೆ ತ್ರಿಜ್ಯ 14.7 ಸೌರತ್ರಿಜ್ಯ. ಎರಡು ತಾರೆಗಳ ಸರಾಸರಿ ಅಂತರವೇ 27.4 ಸೌರತ್ರಿಜ್ಯ, ಅಂದರೆ 1.9 ಕೋಟಿ ಕಿ.ಮೀ.; ಪ್ರಧಾನ ತಾರೆಯ ರೋಶ್ ಹಾಲೆ (ತಾರೆ ತನ್ನ ಅನಿಲವನ್ನು ಹಿಡಿದಿಟ್ಟುಕೊಳ್ಳಬಲ್ಲ ಎಲ್ಲೆ) ಸುಮಾರು 11.5. ತಾರೆ ತನ್ನ ಹಾಲೆಯನ್ನು ಮೀರಿ ಉಕ್ಕಬೇಕಿತ್ತು, ಅನಿಲ ಹರಿಯುವ ಗುರುತು ಕಾಣಬೇಕಿತ್ತು. ನಿಜವಾದ ತ್ರಿಜ್ಯ 7.5ರ ಸುತ್ತ, ತಾರೆ ಎರಡು ದಿನಕ್ಕೊಮ್ಮೆ ತಿರುಗುತ್ತಿದೆ. ಎರಡೂ ತಾರೆಗಳು ಅತಿ ಹತ್ತಿರ ಬರುವ ಸಮೀಪ ಬಿಂದುವಿನಲ್ಲಿ ಹಾಲೆ 10ಕ್ಕೆ ಕುಗ್ಗಿದಾಗಲೂ ಮುಕ್ಕಾಲು ಭಾಗವಷ್ಟೇ ತುಂಬುತ್ತದೆ. ಯಾವ ಬಿಸಿ ಜೋಡಿಗಾದರೂ ತ್ರಿಜ್ಯ ಬರೆಯುವ ಮೊದಲು ಹಾಲೆಯ ಜೊತೆ ಹೋಲಿಸುವುದು ಐದು ನಿಮಿಷದ ಕೆಲಸ.

ಹಳೆಯ ದತ್ತಾಂಶ ಸೇರಿಸುವವರಿಗೆ ಎರಡು ಮಾತು. ಕಕ್ಷೆಯ ಉದ್ದಕ್ಷ ತಾನೇ ತಿರುಗುತ್ತಿದೆ, ವರ್ಷಕ್ಕೆ ಸುಮಾರು 3 ಡಿಗ್ರಿ. ಅದನ್ನು ಸ್ಥಿರ ಎಂದಿಟ್ಟು ದಶಕಗಳ ವೇಗಗಳನ್ನು ಒಂದೇ ವಕ್ರರೇಖೆಗೆ ಹೊಂದಿಸಿದರೆ ಉತ್ಕೇಂದ್ರತೆ ಸುಳ್ಳಾಗುತ್ತದೆ. ಹಾಗೆಯೇ 1970ರ ದಶಕದ ಆರಂಭಕ್ಕೂ ಮುಂಚಿನ ಅಳತೆಗಳಲ್ಲಿ ಸುಮಾರು 4.2 ಗಂಟೆಯ ಮಿಡಿತ ಕೂಡಿಕೊಂಡಿದೆ. ಆಮೇಲೆ ಅದು ಕ್ಷೀಣಿಸಿತು. ಅದನ್ನು ಕಳೆಯದೆ ಹಳೆಯ ಬಿಂದುಗಳಿಗೆ ಹೊಸದರಷ್ಟೇ ತೂಕ ಕೊಡಬೇಡಿ.