ಯಾರನ್ನ ಮನೆಗೆ ಕಳಿಸೋದು?

ಗುರುವಾರ ಸಂಜೆ ಆಗಿದ್ದು. ಇವತ್ತು ಭಾನುವಾರ. ಮಧ್ಯೆ ಒಂದು ದಿನ ಆಫೀಸು, ಒಂದು ದಿನ ತರಕಾರಿ, ಬಟ್ಟೆ ಒಗೆಯೋದು ಎಲ್ಲ ಆಗಿದೆ. ಆದರೂ ಮೇಷ್ಟ್ರು ಹೇಳಿದ ಆ ಒಂದು ಮಾತು ತಲೆಯಿಂದ ಇಳಿದಿಲ್ಲ.

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಲೈಬ್ರರಿಯಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಡಚ್ ಮಾತಾಡೋಕೆ ಸೇರುತ್ತೇವೆ. ಪಾಠ ಅಂತೇನಿಲ್ಲ. ಒಂದು ಮೇಜು, ನಾಲ್ಕೈದು ಹೊರಗಿನವರು, ಊರಿನವರೊಬ್ಬರು. ನಮ್ಮ ಮೇಜಿಗೆ ಸಿಕ್ಕಿರುವುದು ರಿಟೈರಾದ ಭೂಗೋಳದ ಮೇಷ್ಟ್ರು. ಎಪ್ಪತ್ತೈದು ದಾಟಿದೆ. ಒಳ್ಳೆಯವರು. ಆದರೆ ಉಚ್ಚಾರ ತಪ್ಪಿತೋ, ಹುಣಸೆಹಣ್ಣು ಕಚ್ಚಿದ ಹಾಗೆ ಮುಖ ಮಾಡುತ್ತಾರೆ. ಡಚ್ಚಿನವರು ಗಂಟಲಿನಿಂದ ಕೆರೆದು ತೆಗೆಯುವ ಆ 'ಖ' ಇದೆಯಲ್ಲ, ಅದು ನನಗೆ ಇನ್ನೂ ಬಂದಿಲ್ಲ. ಪ್ರತಿ ವಾರ ತಿದ್ದುತ್ತಾರೆ. ಮಾತಿನ ಮಧ್ಯೆ, ಕಾಫಿ ಮಧ್ಯೆ, ಒಮ್ಮೆ ನಾನು ಅಜ್ಜಿ ತೀರಿಕೊಂಡ ವಿಷಯ ಹೇಳುವಾಗಲೂ ತಿದ್ದಿದ್ದರು.

ಈ ಸಲ ಪೇಪರಿನ ಒಂದು ತುಂಡು ಕತ್ತರಿಸಿ ತಂದಿದ್ದರು. ಯೂರೋಪಿಯನ್ ಯೂನಿಯನ್‌ನಲ್ಲಿ ವೀಟೋ ತೆಗೆಯಬೇಕಾ ಬೇಡವಾ ಅನ್ನುವ ಚರ್ಚೆ. ವಿದೇಶಾಂಗ, ತೆರಿಗೆ ಇಂಥ ವಿಷಯಗಳಲ್ಲಿ ಈಗಲೂ 27 ದೇಶಗಳೂ ಒಪ್ಪಬೇಕು. ಒಬ್ಬರು ತಲೆ ಅಲ್ಲಾಡಿಸಿದರೂ ಮುಗಿಯಿತು. ನಮ್ಮ ಮೇಜಿನಲ್ಲಿ ಪೋಲೆಂಡಿನ ಒಬ್ಬ ನರ್ಸ್ ಇದ್ದಾಳೆ. ಕಡಿಮೆ ಮಾತು, ಆದರೆ ಆಡಿದರೆ ಗುಂಡು ಹೊಡೆದ ಹಾಗೆ. "2023ರ ಡಿಸೆಂಬರಿನಲ್ಲಿ ಉಕ್ರೇನಿಗೆ ಕೊಡಬೇಕಾದ 50 ಬಿಲಿಯನ್ ಯೂರೋಗೆ ಹಂಗೇರಿ ಒಂದೇ ಅಡ್ಡ ಹಾಕಿತು. ಒಪ್ಪಿಸೋಷ್ಟರಲ್ಲಿ ಫೆಬ್ರವರಿ. ಯುದ್ಧ ಕಾಯುತ್ತಾ?" ಅಂದಳು. ಐರ್ಲೆಂಡಿನ ಹುಡುಗನೊಬ್ಬ ಇದ್ದಾನೆ, ಡಚ್ ಹುಡುಗಿಯನ್ನು ಮದುವೆಯಾಗಿ ಬಂದವನು. ಅವನಿಗೆ ತನ್ನ ದನಿ ಕೇಳೋದೆಂದರೆ ಭಾರೀ ಇಷ್ಟ. "ನಮಗೆ ಎರಡು ಸಲ ವೋಟು ಹಾಕಿಸಿ ಕೇಳಿದರು. 2008ರಲ್ಲಿ ಯೂನಿಯನ್ ನಡೆಯುವ ನಿಯಮ ಬದಲಿಸುವ ಲಿಸ್ಬನ್ ಒಪ್ಪಂದ ಬೇಡ ಅಂದೆವು. ಮಾರನೇ ವರ್ಷ ಮತ್ತೆ ಕೇಳಿದರು. ಆಗ ಹೂಂ ಅಂದೆವು. ಹೂಂ ಅಂದಮೇಲೆ ಮೂರನೇ ಸಲ ಯಾರೂ ಕೇಳಲಿಲ್ಲ ನೋಡಿ" ಅಂತ ತಾನೇ ನಕ್ಕ. ಈ ಜೋಕನ್ನು ನಾನು ಕೇಳುತ್ತಿರುವುದು ಎರಡನೇ ಸಲ.

"ನಿಮಗೆ ಎರಡು ಸಲವಾದರೂ ಕೇಳಿದರಲ್ಲ" ಅಂದರು ಮೇಷ್ಟ್ರು.

ಅವರ ಕಥೆ ಬೇರೆ. ನಾವು ಕೂರುವ ಲೈಬ್ರರಿ ಇರುವ ಚೌಕದ ಹೆಸರೇ 1992. ಆ ವರ್ಷ ಫೆಬ್ರವರಿ 7ಕ್ಕೆ ಈ ಊರಿನಲ್ಲೇ ಹನ್ನೆರಡು ದೇಶಗಳು ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಹಾಕಿದ್ದು. ಯೂರೋಪಿಯನ್ ಯೂನಿಯನ್ ಅನ್ನುವ ಹೆಸರು, ಒಂದೇ ದುಡ್ಡಿನ ಯೋಜನೆ, 'ಯೂರೋಪಿನ ಪ್ರಜೆ' ಅನ್ನುವ ಮಾತು ಎಲ್ಲ ಆ ಕಾಗದದಲ್ಲೇ ಬಂದದ್ದು. ಎರಡು ತಿಂಗಳ ಮುಂಚೆ ಅದರ ಮಾತುಕತೆಗೆ ಫ್ರಾನ್ಸಿನ ಮಿತೆರಾಂ, ಜರ್ಮನಿಯ ಕೋಲ್, ಬ್ರಿಟನ್ನಿನ ಜಾನ್ ಮೇಜರ್ ಎಲ್ಲ ಬಂದಿದ್ದರು. ಊರಾಚೆಯ ನೀರ್‌ಕಾನ್ನೆ ಬಂಗಲೆಯಲ್ಲಿ ರಾಣಿಯ ಜೊತೆ ಊಟ ಮಾಡಿ, ಅಲ್ಲಿನ ಗುಹೆಯ ಗೋಡೆ ಮೇಲೆ ಹೆಸರು ಗೀಚಿ ಹೋಗಿದ್ದಾರೆ. ನಮ್ಮಲ್ಲಿ ದೇವಸ್ಥಾನದ ಕಂಬದ ಮೇಲೆ ಗೀಚಿದರೆ ಬೈತೀವಿ. ದೊಡ್ಡವರು ಗೀಚಿದರೆ ಅದು ಚರಿತ್ರೆ, ಅಲ್ವಾ?

ಮೇಷ್ಟ್ರು ಆ ಚಳಿಯಲ್ಲಿ ರಸ್ತೆ ಪಕ್ಕ ನಿಂತು ಕಾರುಗಳಿಗೆ ಕೈ ಬೀಸಿದ್ದರಂತೆ. ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದರಂತೆ. ಅದೇ ಮನುಷ್ಯ 2005ರ ಜೂನ್ 1ರಂದು ಯೂರೋಪಿನ ಸಂವಿಧಾನ ಬೇಡ ಅಂತ ವೋಟು ಹಾಕಿದರು. ವೋಟು ಹಾಕಿದ ಡಚ್ಚಿನವರಲ್ಲಿ ನೂರಕ್ಕೆ 61.5 ಜನ ಬೇಡ ಅಂದರು. ಅದಕ್ಕೆ ಮೂರು ದಿನ ಮುಂಚೆ ಫ್ರಾನ್ಸ್ ಬೇಡ ಅಂದಿತ್ತು. ಸಂವಿಧಾನ ಸತ್ತಿತು. ಆದರೆ ಅದರೊಳಗಿದ್ದ ಬಹುಪಾಲು ಲಿಸ್ಬನ್ ಒಪ್ಪಂದದಲ್ಲಿ ಬಂತು, ಆ ಸಲ ಇವರನ್ನು ಯಾರೂ ಕೇಳಲಿಲ್ಲ. 2016ರಲ್ಲಿ ಉಕ್ರೇನ್ ಜೊತೆಗಿನ ಯೂನಿಯನ್ನಿನ ಒಪ್ಪಂದದ ಬಗ್ಗೆ ಕೇಳಿದರು. ವೋಟು ಹಾಕಲು ಬಂದಿದ್ದೇ ನೂರಕ್ಕೆ 32 ಜನ. ಅವರಲ್ಲಿ ಜಾಸ್ತಿ ಜನ ಮತ್ತೆ ಬೇಡ ಅಂದರು. ಒಂದು ಷರಾ ಸೇರಿಸಿ ಒಪ್ಪಂದಕ್ಕೆ ಹೂಂ ಅಂದ ಸರ್ಕಾರ, 2018ರಲ್ಲಿ ಹಾಗೆ ಕೇಳುವ ಕಾನೂನನ್ನೇ ತೆಗೆದು ಹಾಕಿತು.

ಇದೆಲ್ಲ ಹೇಳಿ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಚ್ ಸರ್ಕಾರ ಕೂರುವುದು ಹೇಗ್‌ನಲ್ಲಿ, ಯೂನಿಯನ್ನಿನ ಆಡಳಿತ ಬ್ರಸೆಲ್ಸ್‌ನಲ್ಲಿ. ಆಮೇಲೆ ಆ ಮಾತು.

"ಹೇಗ್‌ನಲ್ಲಿ ಕೂತವನು ಕೆಟ್ಟವನಾದರೆ ನಾನು ಅವನನ್ನ ಮನೆಗೆ ಕಳಿಸಬಹುದು. ಬ್ರಸೆಲ್ಸ್‌ನಲ್ಲಿ ನಾನು ಯಾರನ್ನ ಮನೆಗೆ ಕಳಿಸಲಿ?"

ಎಷ್ಟು ಚೆಂದದ ಮಾತು ಅನ್ನಿಸಿತು. ನಮ್ಮಲ್ಲೂ ಹಾಗೇ ಹೇಳುತ್ತೇವಲ್ಲ, ಈ ಸಲ ಎಂಎಲ್ಎನ ಮನೆಗೆ ಕಳಿಸ್ತೀವಿ ಅಂತ. ಡಚ್ಚಿನಲ್ಲೂ ಅದೇ ನುಡಿಗಟ್ಟು ಇದೆಯಲ್ಲಾ ಅಂತ ನಾನು ಖುಷಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. "ನಿನ್ನ ವಿಷಯ ಹೇಳಿದ್ದಲ್ಲ ನಾನು" ಅಂದರು.

ಆಗಲೇ ನನಗೆ ಹೊಳೆದಿದ್ದು, ಆ ಮಾತಿಗೆ ಇನ್ನೊಂದು ಅರ್ಥ ಇದೆ ಅಂತ. ಅವರು ನೋಡದೇ ಇದ್ದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಐರ್ಲೆಂಡಿನವನು ಕಾಫಿ ಲೋಟದೊಳಗೆ ನೋಡಿದ. ಪೋಲೆಂಡಿನವಳು ಮಾತ್ರ ನನ್ನ ಕಡೆ ತೋರಿಸಿ ನೇರವಾಗಿ, "ಇವರನ್ನ ಕಳಿಸಬಹುದು, ನನ್ನನ್ನ ಕಳಿಸೋಕಾಗಲ್ಲ. ಅದೇ ಯೂರೋಪ್" ಅಂದಳು. ಅದರಲ್ಲಿ ಜಂಭ ಇರಲಿಲ್ಲ. ಜ್ವರ ಎಷ್ಟಿದೆ ಅಂತ ಹೇಳುವ ದನಿ. ನಾನು ನಕ್ಕೆ. ಎಲ್ಲರೂ ನಕ್ಕರು.

ಅವಳು ಹೇಳಿದ್ದು ನಿಜ. ಅವಳ ದೇಶ 2004ರಲ್ಲಿ ಯೂನಿಯನ್ ಸೇರಿತು. ಇಲ್ಲಿ ಮನೆ ವಿಳಾಸ ಬರೆಸಿದ ಮೇಲೆ ಅವಳು ಈ ಊರಿನ ನಗರಸಭೆಗೆ ವೋಟು ಹಾಕಬಹುದು. 2024ರಲ್ಲಿ ಯೂರೋಪಿನ ಸಂಸತ್ತಿಗೂ ಇಲ್ಲಿಂದಲೇ ಹಾಕಿದಳು. ನನಗೆ ನಗರಸಭೆಯ ವೋಟಿಗೇ ಐದು ವರ್ಷ ತುಂಬಬೇಕು. ನಾಲ್ಕಾಗಿದೆ.

ಹೋದ ವರ್ಷ ನನಗೆ ಆಖೆನ್‌ನಿಂದ ಒಂದು ಕೆಲಸದ ಕರೆ ಬಂದಿತ್ತು. ಜರ್ಮನಿ, ಆದರೆ ಇಲ್ಲಿಂದ ಮೂವತ್ತು ಕಿಲೋಮೀಟರ್ ಅಷ್ಟೆ. ಬಸ್ಸಿದೆ. ಗಡಿ ಅಂದರೆ ಒಂದು ನೀಲಿ ಬೋರ್ಡು. ನನ್ನ ಡಚ್ ಪರ್ಮಿಟ್ ಹಿಡಿದು ಅಲ್ಲಿಗೆ ಸುಮ್ನೆ ಸುತ್ತಾಡೋಕೆ ಹೋಗಬಹುದು, ಕೆಲಸ ಮಾಡುವಂತಿಲ್ಲ. ಅದಕ್ಕೆ ಜರ್ಮನಿಯ ಪರ್ಮಿಟ್ ಬೇಕು. ಪೌರತ್ವಕ್ಕೆ ಇಲ್ಲಿ ಸವೆಸಿದ ವರ್ಷಗಳು ಅಲ್ಲಿ ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ ಎಣಿಸಬೇಕು. ಬೇಡ ಅಂದೆ. ಯೂರೋಪ್ ಒಂದಾಗಿಬಿಟ್ಟಿದೆ, ದೇಶಗಳೇ ಉಳಿದಿಲ್ಲ ಅಂತ ಮೇಷ್ಟ್ರು ಕೊರಗುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಚೀಸು ಕೊಳ್ಳುವಾಗ, ರಜೆಗೆ ಹೋಗುವಾಗ ಯೂರೋಪ್ ಒಂದು. ನನ್ನ ಪರ್ಸಿನಲ್ಲಿರುವ ಕಾರ್ಡಿನ ಲೆಕ್ಕದಲ್ಲಿ ಅದು ಇಪ್ಪತ್ತೇಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬ್ರಸೆಲ್ಸಿನವರನ್ನು ನಿಜವಾಗಿಯೂ ಮನೆಗೆ ಕಳಿಸೋಕಾಗಲ್ವಾ ಅಂತ ಫೋನಿನಲ್ಲಿ ಓದುತ್ತಾ ಕೂತೆ. ಆಗುತ್ತದೆ. ಯೂರೋಪಿನ ಸಂಸತ್ತಿನಲ್ಲಿ ಮೂರನೇ ಎರಡು ಪಾಲು ವೋಟು ಬಿದ್ದರೆ ಯೂನಿಯನ್ನಿನ ಆಡಳಿತ ನಡೆಸುವ ಇಡೀ ಕಮಿಷನ್ ಇಳಿಯಬೇಕು. 1999ರಲ್ಲಿ ಸಾಂತೆರ್ ಮುಖ್ಯಸ್ಥರಾಗಿದ್ದ ಕಮಿಷನ್ ಆ ವೋಟಿಗೆ ಮುಂಚೆಯೇ ರಾಜೀನಾಮೆ ಕೊಟ್ಟು ಹೋಗಿತ್ತು. 2025ರ ಜುಲೈನಲ್ಲಿ ಕಮಿಷನ್ ಮುಖ್ಯಸ್ಥೆ ಫಾನ್ ಡೆರ್ ಲಾಯೆನ್ ಮೇಲೂ ಅಂಥ ಗೊತ್ತುವಳಿ ಬಂತು. 175 ಪರ, 360 ವಿರೋಧ, ಬಿದ್ದುಹೋಯಿತು. ಸಿಕ್ಕಿತು ಉತ್ತರ, ಗುರುವಾರ ಹೇಳಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು, ಮೇಷ್ಟ್ರು ಕೇಳಿದ್ದು 'ನಾನು' ಯಾರನ್ನ ಕಳಿಸಲಿ ಅಂತ. ಅಷ್ಟೇ ಅಲ್ಲ, 2019ರಲ್ಲಿ ಈ ಫಾನ್ ಡೆರ್ ಲಾಯೆನ್ ಹೆಸರು ಚುನಾವಣೆಯಲ್ಲಿ ಎಲ್ಲೂ ಇರಲಿಲ್ಲ. ದೇಶಗಳ ನಾಯಕರು ಬಾಗಿಲು ಹಾಕಿಕೊಂಡು ಆರಿಸಿದ ಹೆಸರು ಅದು. ಮೇಷ್ಟ್ರ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ.

ಇನ್ನರ್ಧ? ಹೇಗ್‌ನವರನ್ನು ಮೇಷ್ಟ್ರು ಮನೆಗೆ ಕಳಿಸುತ್ತಾರಂತೆ. ನಾನು ಬಂದ ಮೇಲೆ ಇಲ್ಲಿ ಎರಡು ಸರ್ಕಾರ ಬಿದ್ದಿವೆ, 2023ರಲ್ಲೊಂದು, 2025ರಲ್ಲೊಂದು. ಎರಡನ್ನೂ ಬೀಳಿಸಿದ್ದು ವೋಟು ಹಾಕಿದವರಲ್ಲ, ಜೊತೆಗಿದ್ದ ಪಕ್ಷಗಳ ಜಗಳ. ಎರಡು ಸಲವೂ ಜಗಳ ಹತ್ತಿದ್ದು ಆಶ್ರಯ ಕೇಳಿ ಬರುವವರ ವಿಷಯಕ್ಕೆ. ಯಾರನ್ನ ಒಳಗೆ ಬಿಡಬೇಕು, ಯಾರನ್ನ ಕಳಿಸಬೇಕು ಅಂತ ಕಿತ್ತಾಡಿ ತಾವೇ ಮನೆಗೆ ಹೋದರು! ಇದನ್ನು ಮೇಷ್ಟ್ರಿಗೆ ಹೇಳಿದರೆ ನಗುತ್ತಾರಾ, ಮುಖ ಗಂಟು ಹಾಕುತ್ತಾರಾ ಗೊತ್ತಿಲ್ಲ.

ಅವರ ಇನ್ನೊಂದು ದೂರು, ನಾವು ಬ್ರಸೆಲ್ಸಿಗೆ ಕೊಡೋದು ಜಾಸ್ತಿ, ವಾಪಸ್ ಬರೋದು ಕಮ್ಮಿ ಅಂತ. ಅದನ್ನು ಕೇಳುವಾಗ ಮಾತ್ರ ನಾನು ಯಾವ ದೇಶದಲ್ಲಿದ್ದೀನಿ ಅನ್ನೋದೇ ಮರೆತುಹೋಗುತ್ತದೆ. 15ನೇ ಹಣಕಾಸು ಆಯೋಗದಲ್ಲಿ ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.71ರಿಂದ 3.65ಕ್ಕೆ ಇಳಿದಾಗ ನಮ್ಮ ಮಾವ ಇದೇ ರಾಗದಲ್ಲಿ ಮಾತಾಡುತ್ತಿದ್ದರು. ಮೇಷ್ಟ್ರನ್ನೂ ಮಾವನನ್ನೂ ಒಂದು ಜಗಲಿ ಮೇಲೆ ಕೂರಿಸಬೇಕು.

ನಿನ್ನೆ ತಿಪಟೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ವೀಟೋ, ಲಿಸ್ಬನ್ ಯಾವುದೂ ಅವಳ ಕಿವಿಗೆ ಬೀಳಲಿಲ್ಲ. "ಏನು, ಕಳಿಸಿಬಿಡ್ತಾರಂತಾ?" ಅಂದಳು. ಇಲ್ಲ ಕಣಮ್ಮ, ಮಾತಿಗೆ ಹೇಳಿದ್ದು ಅಂದೆ. "ಆ ವಯಸ್ಸಾದೋರು ಹಂಗಂದ್ರಾ?" ಅಂತ ಮತ್ತೆ. ಇಲ್ಲಮ್ಮ, ಅವರು ಹೇಳಿದ್ದು ಮಂತ್ರಿಗಳಿಗೆ. "ಮತ್ತೆ ನಿನ್ನ ಮುಖ ಯಾಕೆ ನೋಡಿದ್ರು?"

ಅಲ್ಲಿಗೇ ಬರುತ್ತೇನೆ ಮತ್ತೆ ಮತ್ತೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ನೋಟದಲ್ಲಿ ಕೆಟ್ಟದ್ದೂ ಇರಲಿಲ್ಲ, ಪಾಪ, ನಾಚಿಕೆ ಇತ್ತು. ಆದರೆ ಮೂರು ವರ್ಷದಿಂದ ಒಂದೇ ಮೇಜಿನಲ್ಲಿ ಕೂತ ನಮ್ಮಿಬ್ಬರಲ್ಲಿ ಒಬ್ಬರು ಕಳಿಸಬಲ್ಲವರು, ಇನ್ನೊಬ್ಬರನ್ನು ಕಳಿಸಬಹುದು. ಅದು ಇಬ್ಬರಿಗೂ ಒಂದೇ ಕ್ಷಣದಲ್ಲಿ ಕಂಡುಬಿಟ್ಟಿತು. ಕಳಿಸುವ ಅಧಿಕಾರ ಕೈತಪ್ಪುತ್ತಿದೆ ಅಂತ ಅವರಿಗೆ ಹೊಟ್ಟೆ ಉರಿ. ನನಗೆ ಆ ಅಧಿಕಾರ ಹೇಗ್‌ನಲ್ಲೂ ಇಲ್ಲ, ಬ್ರಸೆಲ್ಸ್‌ನಲ್ಲೂ ಇಲ್ಲ. ವೋಟಿದೆಯಲ್ಲ ತಿಪಟೂರಿನಲ್ಲಿ ಅಂದರೆ, ಚುನಾವಣೆಗೆ ಅಂತ ಟಿಕೆಟ್ ತೆಗೆದು ಹೋದವರು ಯಾರು?

ಆ ಸಂಜೆ ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಹವಾಮಾನ, ಸೈಕಲ್ ಕಳ್ಳರು, ಯಾವ ಅಂಗಡಿಯಲ್ಲಿ ಆಲೂಗಡ್ಡೆ ಅಗ್ಗ ಅಂತ. ನಾನು ಆ ಹಾಳು 'ಖ' ಬರುವ ಪದಗಳನ್ನು ಹತ್ತು ಸಲವಾದರೂ ತಪ್ಪಾಗಿ ಹೇಳಿರಬೇಕು. ಮೇಷ್ಟ್ರು ಒಂದು ಸಲವೂ ತಿದ್ದಲಿಲ್ಲ. ಪ್ರತಿ ಸಲ ತಲೆಯಾಡಿಸಿ, ಚೆನ್ನಾಗಿದೆ, ಚೆನ್ನಾಗಿದೆ ಅಂದರು.

ಈ ಗುರುವಾರವಾದರೂ ತಿದ್ದುತ್ತಾರಾ ನೋಡಬೇಕು.