ಫೈಲ್‌ನಲ್ಲಿ ಇಲ್ಲದ ಒಂದು ಕಾಲಂ

ಫರ್ಮಿ ಗಾಮಾ ಕಿರಣ ದೂರದರ್ಶಕದ ಡೇಟಾ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದರ ಒಂದು ಫೈಲ್ ತೆರೆದು ಸುಮ್ನೆ ನೋಡ್ತಾ ಕೂತಿದ್ದೆ. ಒಂದೊಂದು ಸಾಲು ಅಂದರೆ ಒಂದೊಂದು ಫೋಟಾನ್, ಅಂದರೆ ಅತಿ ಹೆಚ್ಚು ಶಕ್ತಿಯ ಬೆಳಕಾದ ಗಾಮಾ ಕಿರಣದ ಒಂದು ಕಣ: ಯಾವಾಗ ಬಂತು, ಎಷ್ಟು ಶಕ್ತಿ ಇತ್ತು, ಆಕಾಶದ ಯಾವ ದಿಕ್ಕಿನಿಂದ ಬಂತು. ಎಷ್ಟು ದೂರದಿಂದ ಬಂತು ಅನ್ನೋ ಕಾಲಂ ಮಾತ್ರ ಇಲ್ಲ. ಇರೋಕೂ ಸಾಧ್ಯವಿಲ್ಲ.

ಫರ್ಮಿ 2008ರ ಜೂನ್‌ನಲ್ಲಿ ಬಾಹ್ಯಾಕಾಶಕ್ಕೆ ಹಾರಿತು. ಈವರೆಗೆ 5000ಕ್ಕೂ ಹೆಚ್ಚು ಗಾಮಾ ಮೂಲಗಳನ್ನು ಗುರುತಿಸಿದೆ. ಅರ್ಧಕ್ಕಿಂತ ಜಾಸ್ತಿ ಬ್ಲೇಜಾರ್‌ಗಳು, ಅಂದರೆ ನಡುವಿನ ಕಪ್ಪುಕುಳಿಯಿಂದ ಚಿಮ್ಮುವ ಧಾರೆ ನೇರ ನಮ್ಮ ಕಡೆಗೇ ತಿರುಗಿರುವ ಗ್ಯಾಲಕ್ಸಿಗಳು. ಗುರುತಿಸಿದ ಮೂಲಗಳನ್ನೆಲ್ಲ ಕಳೆಯಿರಿ, ನಮ್ಮ ಕ್ಷೀರಪಥದ ಬೆಳಕನ್ನೂ ಕಳೆಯಿರಿ. ಆಮೇಲೂ ಆಕಾಶದ ತುಂಬ ಒಂದು ಮಂದ ಹೊಳಪು ಉಳಿಯುತ್ತದೆ. ಅದು ಎಲ್ಲಿಂದ ಬರ್ತಿದೆ?

ಒಂದೊಂದೇ ಫೋಟಾನ್ ಹಿಡಿದು ಹಿಂದಕ್ಕೆ ಹೋಗೋಣ ಅಂದರೆ ಆಗೋದಿಲ್ಲ. ಗಾಮಾ ಕಿರಣವನ್ನು ಕನ್ನಡಿಯಲ್ಲಿ ಒಟ್ಟುಗೂಡಿಸಲು ಬರೋದಿಲ್ಲ. ಅದು ಫರ್ಮಿಯೊಳಗಿನ ಟಂಗ್‌ಸ್ಟನ್ ಹಾಳೆಗೆ ಬಡಿದು ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಆಗಿ ಒಡೆಯುತ್ತದೆ. ಆ ಎರಡರ ಜಾಡು ನೋಡಿ ಬಂದ ದಿಕ್ಕನ್ನು ಲೆಕ್ಕ ಹಾಕಬೇಕು. 1 ಜಿಇವಿ (ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯಲ್ಲಿ ಈ ಲೆಕ್ಕ ಸುಮಾರು 0.8 ಡಿಗ್ರಿ ಆಚೀಚೆ ಆಗಬಹುದು. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ! ಅಷ್ಟು ಜಾಗದಲ್ಲಿ ಸಾವಿರಾರು ಗ್ಯಾಲಕ್ಸಿಗಳಿರುತ್ತವೆ.

ಇಲ್ಲಿಂದ ಮುಂದಿನ ಉಪಾಯ ನನಗೆ ತುಂಬಾ ಇಷ್ಟ. ಗ್ಯಾಲಕ್ಸಿಗಳು ಆಕಾಶದಲ್ಲಿ ಸಮವಾಗಿ ಹರಡಿಲ್ಲ, ಎಳೆ ಎಳೆಯಾಗಿ, ಗುಂಪು ಗುಂಪಾಗಿ, ನಡುವೆ ದೊಡ್ಡ ಖಾಲಿ ಜಾಗ ಬಿಟ್ಟುಕೊಂಡು ಹರಡಿವೆ. ಆ ಮಂದ ಹೊಳಪು ಗ್ಯಾಲಕ್ಸಿಗಳಿಂದಲೇ ಬರುತ್ತಿದ್ದರೆ ಅದರಲ್ಲೂ ಅದೇ ಏರಿಳಿತ ಇರಬೇಕು, ಅಲ್ವಾ? ಹಾಗಾಗಿ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಗ್ಯಾಲಕ್ಸಿ ಜಾಸ್ತಿ ಇರುವ ಕಡೆ ಗಾಮಾ ಕೂಡ ಚೂರು ಜಾಸ್ತಿ ಇದೆಯಾ ಅಂತ ಇಡೀ ಆಕಾಶದಲ್ಲಿ ಎಣಿಸುತ್ತಾರೆ. ಯಾವ ಫೋಟಾನ್ ಯಾರದ್ದು ಅಂತ ಗೊತ್ತಾಗಬೇಕಾಗಿಯೇ ಇಲ್ಲ.

ಗ್ಯಾಲಕ್ಸಿಗಳ ದೂರ ನಮಗೆ ಗೊತ್ತು. ಹತ್ತಿರದವನ್ನು ಬೇರೆ, ದೂರದವನ್ನು ಬೇರೆ ಪದರ ಮಾಡಿ ಹೋಲಿಸಿದರೆ, ಹೊಳಪಿನಲ್ಲಿ ಯಾವ ದೂರದ ಪಾಲು ಎಷ್ಟು ಅಂತ ಸಿಗುತ್ತದೆ. ಒಂದು ಫೋಟಾನ್‌ಗೆ ಸಿಗದ ಆ ಕಾಲಂ, ಇಡೀ ಗುಂಪಿಗೆ ಸಿಕ್ಕಿಬಿಡುತ್ತದೆ!

2015ರಲ್ಲಿ ಇಂಥ ಹೋಲಿಕೆ ಫಲ ಕೊಟ್ಟಿತು. ಹತ್ತಿರದ ಗ್ಯಾಲಕ್ಸಿಗಳ ಟೂಮಾಸ್ ಪಟ್ಟಿ, ದೂರದ ಕ್ವೇಸಾರ್‌ಗಳ (ತುಂಬಾ ಪ್ರಕಾಶಮಾನ ಗ್ಯಾಲಕ್ಸಿ ನಡುಭಾಗಗಳ) ಪಟ್ಟಿ, ರೇಡಿಯೊ ಗ್ಯಾಲಕ್ಸಿಗಳ ಪಟ್ಟಿ, ಎಲ್ಲದರ ಜೊತೆಗೂ 1 ಡಿಗ್ರಿಗಿಂತ ಕಡಿಮೆ ಅಂತರದಲ್ಲಿ ಹೊಂದಾಣಿಕೆ ಕಂಡಿತು. ರೇಡಿಯೊ ಪಟ್ಟಿಯ ವಿಷಯದಲ್ಲಿ ನಾನು ಸ್ವಲ್ಪ ಎಚ್ಚರ ವಹಿಸುತ್ತೇನೆ, ಯಾಕಂದ್ರೆ ಒಂದೊಂದಾಗಿ ಗುರುತಿಸಲಾಗದಷ್ಟು ಮಂದವಾದ ಒಂದೇ ಬ್ಲೇಜಾರ್ ಎರಡೂ ನಕ್ಷೆಯಲ್ಲಿ ಇದ್ದರೂ ಹೊಂದಾಣಿಕೆ ಬರುತ್ತದೆ. 2020ರಲ್ಲಿ ಡಾರ್ಕ್ ಎನರ್ಜಿ ಸರ್ವೆ ಅನ್ನೋ ಆಕಾಶ ಸಮೀಕ್ಷೆಯವರ ಗುರುತ್ವ ಮಸೂರದ ನಕ್ಷೆಯ ಜೊತೆಗೂ ಹೋಲಿಕೆ ಸಿಕ್ಕಿತು. ಗುರುತ್ವದಿಂದ ಬೆಳಕು ಬಾಗೋದನ್ನು ಅಳೆದು ಮಾಡಿದ ಆ ನಕ್ಷೆ ಬೆಳಕನ್ನಲ್ಲ, ದ್ರವ್ಯರಾಶಿಯನ್ನೇ ತೋರಿಸುತ್ತದೆ. ಅಲ್ಲಿ ಇಂಥ ಮಂದ ಬ್ಲೇಜಾರ್‌ಗಳ ಪಾಲೇ ದೊಡ್ಡದಾಗಿ ಕಂಡಿತು.

ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಗಾಮಾ ಆಗುತ್ತಿದ್ದರೆ, ಅದರ ಸುಳಿವು ಹತ್ತಿರದ ಪದರಗಳಲ್ಲೇ ಜಾಸ್ತಿ ಇರಬೇಕು. ನನ್ನ ಕಣ್ಣು ಇರೋದು ಅಲ್ಲೇ. 2023ರಲ್ಲಿ ಹಾರಿದ ಯೂಕ್ಲಿಡ್ ದೂರದರ್ಶಕ ಈಗ ಆಕಾಶದ ಮೂರನೇ ಒಂದು ಭಾಗದಷ್ಟು ಜಾಗದಲ್ಲಿ ಗ್ಯಾಲಕ್ಸಿಗಳನ್ನು ಗುರುತಿಸುತ್ತಿದೆ. ಅದರ ಪಟ್ಟಿ ಬಂದಾಗ 2008ರಲ್ಲಿ ಬಿದ್ದ ಫೋಟಾನ್‌ಗಳನ್ನೂ ಹೊಸದಾಗಿ ಹೋಲಿಸಬಹುದು, ಅವು ಆ ಫೈಲ್‌ಗಳಲ್ಲೇ ಇವೆ.